ಮೀಸಿಮಾವನ ಬಾಯಿ

ಮುದಕಪ್ಪ: ನಮ್ಮ ಮುತ್ತ್ಯಾ ಬೀರಲಿಂಗಪ್ಪ ದೊಡ್ಡಾಟದ ಪರದೆ ಬರೀತಿದ್ದಾಂವ. ಅಂವ ಬರದ ಹೊಳಿ ನೋಡಿ ಡಂಬಳದ ಮಂದಿ ಧೋತರ ಎತ್ತಿ ಹಿಡಕೊಂಡ ದಾಟಾಕ ನಿಂತಿದ್ರು. ನಮ್ಮಪ್ಪ ಫಕ್ಕೀರಪ್ಪ ಗರಡಿಮನಿ ಗ್ವಾಡಿ ಮ್ಯಾಲೆ ಹುಲಿ ಬರದ್ರ, ಓಣಿ ನಾಯಿ ಆ ಹಾದಿ ಬಿಟ್ಟವು. ಅಂಥವರ ಹೊಟ್ಟಿಲೆ ಹುಟ್ಟಿದಾಂವ ನಾನು. ನನಗ ಒಂದ ಬಾಯಿ ಬರ್ಯಾಕ ಬರಂಗಿಲ್ಲ ಅಂತೀರಿ?

ಮುಂಡರಗಿಯ ಸಂಗಪ್ಪನ ಕಡಲೆಹಿಟ್ಟಿನ ಶೇವು ಕರಿಯುವ ಕಾರ್ಖಾನೆಯಲ್ಲಿ ಬೆಳಿಗ್ಗೆಯಿಂದ ಇದೇ ಜಗಳ. ಮುದಕಪ್ಪ ವಾರಪತ್ರಿಕೆಗೆ ಬರೆಯುವ ಮೀಸಿಮಾವ, ಗುಡಗವ್ವ ಎಂಬ ಗಂಡಹೆಂಡಿರ ಚಿತ್ರಕಥೆ ಎಂದರೆ ಲಕ್ಷ್ಮೇಶ್ವರ, ಶಿರಹಟ್ಟಿಯ ಚಹಾದಂಗಡಿಯವರಿಗೆ ಪ್ರಾಣ. ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ. ಆ ಇಬ್ಬರಿಗೂ ತನ್ನ ಶೇವು ತಿನ್ನಿಸಿ ಟಿವಿಗೆ ಜಾಹೀರಾತು ಕೊಡಬೇಕೆಂದು ಸಂಗಪ್ಪನ ಹಂಬಲ. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕುಣಿಸಲು ಗದಗಿನಿಂದ ಸ್ನೇಹಾ ಬಂದಿದ್ದಳು.

ಸ್ನೇಹಾ: ಹಂಗಲ್ರಿ ಅಜ್ಜಾರ. ಗುಡಗವ್ವಗ ಬಾಯಿ ಐತಿ. ಮೀಸಿಮಾವಗ ಮೂಗಿನ ಕೆಳಗ ಮೀಸಿ, ಮೀಸಿ ಕೆಳಗ ಗದ್ದ. ಶೇವು ಎಲ್ಲಿ ಹಾಕ್ಲಿ?

ಮುದಕಪ್ಪ: ಅಂಥಾ ಹೆಂಡ್ತಿ ಇದ್ದಾವಗ ಬಾಯಿ ಯಾಕ ಬೇಕು?

ಸಂಗಪ್ಪ: ಈಗ ಬೇಕಲ್ರೀ! ಶೇವು ಮೀಸಿಗೆ ಸಿಗಿಸಿ ಮಾರಲೇನು?

ಸ್ನೇಹಾ: ನಾನ ಒಂದ ನಗೋ ಬಾಯಿ ಹಚ್ಚತೇನಿ, ಬಿಡ್ರಿ.

ಮುದಕಪ್ಪ: ಅಂವ ನಕ್ಕಿದ್ದು ಯಾವ ಊರಾಗ ನೋಡೀದಿ? ಇಷ್ಟ ವರ್ಷದಾಗ ಅಂವ ಒಂದ ಸುಳ್ಳ ಆಡಿಲ್ಲ.

ಸಂಗಪ್ಪ: ಬಾಯೇ ಇಲ್ಲದಾಂವ ಸುಳ್ಳ ಹೆಂಗ ಆಡ್ಯಾನ್ರಿ?

ಮುದಕಪ್ಪ: ಅದಕ್ಕ ಮಂದಿ ಅವನ್ನ ನಂಬ್ಯಾರ. ಮೊದಲನೇ ಸಲ ಬಾಯಿ ತಗದು ನಿನ್ನ ಶೇವಿನ ಸಲುವಾಗಿ ಸುಳ್ಳ ಆಡಿದ್ರ, ನಾ ಯಾವ ಮಾರಿ ಹೊತ್ಕೊಂಡ ಚಹಾ ಕುಡ್ಯಾಕ ಹೋಗ್ಲಿ? ನಾ ನೋಡಿ ಬರ್ಯಾವ. ತಿನ್ನು ನೀನು. ನಿನ್ನ ಬಾಯಿ ನೋಡಿ ಬರೀತೇನಿ.

ಸಂಗಪ್ಪ ಶೇವಿನ ಪೊಟ್ಟಣವನ್ನು ಚೇಳು ಕಂಡಂತೆ ನೋಡಿದ.

ಸಂಗಪ್ಪ: ನಂದು ಇವತ್ತ ಸೋಮಾರ ಒಪ್ಪತ್ತರಿ.

ಸ್ನೇಹಾ: ಇವತ್ತ ಮಂಗಳಾರರೀ.

ಸಂಗಪ್ಪ: ನಿನ್ನೀದ ಉಳದೈತಿ. ಮತ್ತ ಹಲ್ಲೂ ಅಳ್ಳಾಡ್ತಾವು.

ಮುದಕಪ್ಪ: ಈಗರ ಪುಠಾಣಿ ಕಟಂಕಟಂ ಕಡೀತಿದ್ದೆಲ್ಲೋ!

ಸಂಗಪ್ಪ: ಅದು ಹಲ್ಲಿಗೆ ಔಷಧರೀ.

ಸ್ನೇಹಾ: ಹಂಗಾರ ಮನ್ಯಾಗಿನವರನ್ನ ಕರೀರಿ.

ಸಂಗಪ್ಪ: ಅಕಿ ಕಡಾಯಿ ಎಣ್ಣಿ ನೋಡ್ಯಾಳ… ಅಲ್ಲ, ಅಕಿ ಅಂತೂರ ಬೆಂತೂರಕ್ಕ ಹೋಗ್ಯಾಳ.

ಮುದಕಪ್ಪ: ಎಣ್ಣಿ ನೋಡಿ ಊರ ಬಿಟ್ಟ ಹೋದ್ಲೇನೋ?

ಇನ್ನು ಈ ಮನುಷ್ಯನ ಬಾಯಿ ಶೇವಿಗಂತೂ ತೆರೆಯುವುದಿಲ್ಲ ಎಂದು ಮುದಕಪ್ಪನಿಗೆ ಖಾತ್ರಿಯಾಯಿತು. ಪೊಟ್ಟಣ ಹರಿದು, ಮುಷ್ಟಿ ತುಂಬ ಶೇವು ತಾನೇ ಬಾಯಿಗೆ ಸುರಿದುಕೊಂಡ. ಎರಡು ಸಲ ಅಗಿದ. ದವಡೆ ಅಲ್ಲಿಗೇ ನಿಂತಿತು. ಕಿವಿ ಕೆಂಪಾದವು, ಕಣ್ಣು ತುಂಬಿದವು.

ಸಂಗಪ್ಪ: ಹೆಂಗೈತ್ರಿ?

ಮುದಕಪ್ಪ ಹಾಳೆಗೆ ಕೈ ಹಾಕಿದ. ಕಪಾಟಿನ ಗಾಜಿನಲ್ಲಿ ತನ್ನ ಮುಖ ನೋಡುತ್ತ ಪೆನ್ಸಿಲ್ ಓಡಿಸಿದ. ಮೀಸಿಮಾವನ ಮೀಸೆ ಮೇಲಕ್ಕೆ ಹಾರಿತು. ಕೆಳಗೆ ಹಿಂಡಿದ ಒದ್ದೆ ಪಂಚೆಯಂಥ ಬಾಯಿ, ಅದರಿಂದ ಜೋತ ನಾಲಗೆ.

ಸಂಗಪ್ಪ: ಅಯ್ಯಯ್ಯ! ಇದನ್ನ ಟಿವಿಯಾಗ ನೋಡಿದ ಮಂದಿ ಶೇವು ಇರ್ಲಿ, ಊಟನೂ ಬಿಟ್ಟಾರು! ತಂಗಿ, ಬಾಯಿ ತುದಿ ಚೂರ ಮ್ಯಾಲೆ ಎತ್ತವಾ!

ಸ್ನೇಹಾ: ಎತ್ತೂದಿರ್ಲಿ. ಅಜ್ಜಾರ, ಮೂಗಿನಾಗೂ ನೀರ ಸುರ್ಯಾಕತ್ಯಾವು. ಮೊದಲ ಈ ತಂಬಿಗಿ ನೀರ ಕುಡೀರಿ.

ಮುದಕಪ್ಪ ತಂಬಿಗೆಯನ್ನು ಮೊಣಕೈಯಿಂದ ಆಚೆ ಸರಿಸಿ ಹೊಸ ಹಾಳೆ ಎಳೆದುಕೊಂಡ.

ಮುದಕಪ್ಪ: ಬ್ಯಾಡವಾ, ಬ್ಯಾಡ! ನೀರ ಕುಡದ್ರ ಈ ಮಾರಿ ಹೋಗಿಬಿಡತೈತಿ. ಇನ್ನ ಗುಡಗವ್ವ ತಿನ್ನೂದ ಬರ್ಯೂದೈತಿ.