ಭುಜ ಇಳಿಸಿಕೊಂಡ ಹನುಮಂತರಾಯಪ್ಪ

ಆ ಸೋಮವಾರ ಬೆಳಗ್ಗೆ ಹನುಮಂತರಾಯಪ್ಪನ ಭುಜಗಳು ಎರಡು ಅಂಗುಲ ಕೆಳಗಿಳಿದಿದ್ದವು. ರಗಳೆಯೆಲ್ಲ ಶುರುವಾದದ್ದು ಅಲ್ಲಿಂದ.

ಹೊಸೂರಿನ ಗೇರ್ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಇದ್ದ. ಹಲ್ಲುಚಕ್ರಗಳಲ್ಲಿ ಕೂದಲೆಳೆಯಷ್ಟು ದೋಷ ಹುಡುಕುತ್ತ ಹುಡುಕುತ್ತ ಅವನ ಭುಜಗಳು ಮೇಲೇರಿ ಕಿವಿಯ ಪಕ್ಕದಲ್ಲೇ ಬಿಡಾರ ಹೂಡಿದ್ದವು. ಹಿಂದಿನಿಂದ ಯಾರಾದರೂ ಕರೆದರೆ ಕತ್ತು ತಿರುಗುತ್ತಿರಲಿಲ್ಲ. ಲಾರಿಯ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಕಡೆಗೆ ಹೆಂಡತಿ ಕೋಮಲಾ ಅವನನ್ನು ಮೇಘಶ್ರೀ ಎಂಬ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದೊಯ್ದಳು.

"ನಿಮಗೆ ಮಾತ್ರೆ ಬೇಡ. ಮೈನ ಸಡಿಲ ಬಿಡೋದು ಕಲೀಬೇಕು," ಎಂದರು ಆಕೆ.

ಮುಷ್ಟಿ ಬಿಗಿ ಹಿಡಿ, ಐದು ಎಣಿಸು, ಬಿಡು. ಹಾಗೇ ಭುಜ, ದವಡೆ, ಹೊಟ್ಟೆ, ಕಾಲ್ಬೆರಳು. ಬಿಡುವಾಗಲೆಲ್ಲ ಉದ್ದಕ್ಕೆ ಉಸಿರು. ಮೂರು ವಾರ ಚಾಪೆಯ ಮೇಲೆ ಬಿದ್ದುಕೊಂಡು ಎಣಿಸಿದರೂ ಏನೂ ಆಗಿರಲಿಲ್ಲ. ಆ ಸೋಮವಾರ ಎದ್ದಾಗ ಮಾತ್ರ ಮೈ ನೆನೆಸಿಟ್ಟ ಅವಲಕ್ಕಿಯಂತೆ ಮೆತ್ತಗಾಗಿತ್ತು.

ಕಾರ್ಖಾನೆಯಲ್ಲಿ ಅದೇ ವಾರ ಒಂದು ಗುಸುಗುಸು. ತಪಾಸಣೆ ವಿಭಾಗದಿಂದ ಆರು ಜನರನ್ನು ಚೆನ್ನೈ ಆಚೆಯ ಹೊಸ ಘಟಕಕ್ಕೆ ಎತ್ತಿಹಾಕುತ್ತಾರಂತೆ, ಪಟ್ಟಿ ತಯಾರಾಗಿದೆಯಂತೆ. ಪಟ್ಟಿ ಕಂಡವರು ಯಾರೂ ಇರಲಿಲ್ಲ. ಇಂಥ ಸುದ್ದಿ ವರ್ಷಕ್ಕೊಂದು ಹುಟ್ಟುವುದನ್ನು ನೋಡಿದ್ದ ಹನುಮಂತರಾಯಪ್ಪ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ.

ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನ ರವಿಕುಮಾರ್ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಏನಣ್ಣಾ, ಬಲೇ ಆರಾಮಾಗ್ ಕುಂತಿದ್ದೀಯ?"

"ಮೈ ಬಿಟ್ಟಿದ್ದೀನಿ ಕಣ್ಲಾ. ನಿಂಗೂ ಹೇಳ್ಕೊಡ್ತೀನಿ ಬೇಕಾದ್ರೆ."

"ಬಸ್ನಾಗಿರೋರೆಲ್ಲ ಉಗುರು ಕಚ್ಕಂಡ್ ಕುಂತವ್ರೆ, ನೀನೊಬ್ನೇ ಮೈ ಬಿಟ್ಟಿದ್ದೀಯ." ರವಿಕುಮಾರ್ ದನಿ ತಗ್ಗಿಸಿದ. "ನಿಂಗ್ಯಾರೋ ಪಟ್ಟಿ ತೋರ್ಸವ್ರೆ."

"ನಾನ್ ನೋಡಿಲ್ಲ ಕಣ್ಲಾ."

"ನೋಡಿರೋರು ಹಂಗೇ ಅಂತಾರೆ."

ಬಸ್ಸು ಗೇಟು ಮುಟ್ಟುವ ಮೊದಲೇ ಸುದ್ದಿ ಹಿಂದಿನ ಸೀಟು ಮುಟ್ಟಿತ್ತು. ಹತ್ತು ಗಂಟೆಗೆ ಅಳತೆ ಯಂತ್ರದ ಬೀರೇಶ್ ಅವನನ್ನು ಕಬ್ಬಿಣದ ರ‍್ಯಾಕುಗಳ ಮರೆಗೆ ಎಳೆದುಕೊಂಡು ಹೋದ. ಬೀರೇಶನ ತಾಯಿ ಹಾಸಿಗೆ ಹಿಡಿದಿದ್ದಳು. ಊರು ಬಿಡುವ ಹಾಗಿರಲಿಲ್ಲ.

"ಬ್ಯಾರೆಯೋರ್ದು ಬ್ಯಾಡ. ನನ್ ಹೆಸ್ರು ಐತಾ ಇಲ್ವಾ, ಅಷ್ಟು ಹೇಳ್ಬುಡು."

ಹನುಮಂತರಾಯಪ್ಪನ ಭುಜ ಮೆಲ್ಲಗೆ ಏರತೊಡಗಿತು. ಪಾಠ ನೆನಪಾಗಿ ಅವನು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟ.

ಬೀರೇಶನ ಮುಖ ಸುಣ್ಣವಾಯಿತು. "ಐತೆ ಅನ್ನು."

"ಅಯ್ಯೋ, ಅದು ನನ್ನ ಎಕ್ಸರ್‌ಸೈಜು ಮಾರಾಯ."

"ಬ್ಯಾಡ ಬುಡು, ಸಮಾಧಾನ ಮಾಡ್ಬ್ಯಾಡ," ಎಂದು ಬೀರೇಶ್ ಕಣ್ಣೊರೆಸಿಕೊಂಡು ಹೋದ.

ಕ್ಯಾಂಟೀನಿನ ರಾಧಾಮಣಿಯ ಗಂಡನೂ ಅದೇ ವಿಭಾಗದವನು. ಆಕೆ ಹನುಮಂತರಾಯಪ್ಪನ ತಟ್ಟೆಗೆ ಕೇಳದೆಯೇ ಎರಡು ವಡೆ ಹೆಚ್ಚಿಗೆ ಹಾಕಿ, "ಸಾರ್, ನಮ್ ಮನೆಯವ್ರ ಹೆಸ್ರು ಇದ್ಯಾ ಕೊಂಜಂ ನೋಡಿ ಹೇಳಿ ಸಾರ್," ಎಂದಳು. ಸುತ್ತ ಮೂವತ್ತು ಜನ ಅನ್ನ ಕಲಸುವುದನ್ನು ನಿಲ್ಲಿಸಿ ಇವನನ್ನೇ ನೋಡುತ್ತಿದ್ದರು. ಅವನು ಮೇಜಿನ ಕೆಳಗೆ ಎಡಗೈ ಮುಷ್ಟಿ ಬಿಗಿಹಿಡಿದ. ತುಟಿ ತಾನಾಗಿ ಅಲುಗಿತು: ಒಂದು, ಎರಡು, ಮೂರು, ನಾಲ್ಕು, ಐದು.

"ಐದು ಅಂದ, ನೋಡಿದ್ರಾ?" ರವಿಕುಮಾರ್ ಪಿಸುಗುಟ್ಟಿದ. "ಐದು ಹೆಸ್ರು ಖಾಯಂ ಆಗವೆ. ಆರನೇದು ಇನ್ನೂ ಖಾಲಿ."

ಆ ಖಾಲಿ ಜಾಗದಿಂದ ತಪ್ಪಿಸಿಕೊಳ್ಳಲು ಮಧ್ಯಾಹ್ನದ ಪಾಳಿಯವರೂ ಒಬ್ಬೊಬ್ಬರಾಗಿ ಬಂದರು. ಒಬ್ಬ ಬೇರಿಕೆ ಊರಿನ ತನ್ನ ತೋಟದ ಟೊಮೇಟೊ ತಂದುಕೊಡುತ್ತೇನೆಂದ. ಇನ್ನೊಬ್ಬ, ಕಂಪನಿಯ ಗೂಢಚಾರನ ಜೊತೆ ಮಾತಿಲ್ಲ ಎಂದು ಹೇಳುವುದಕ್ಕೆಂದೇ ಬಂದು ಹತ್ತು ನಿಮಿಷ ಮಾತಾಡಿದ. ಮೂರು ಗಂಟೆಗೆ ಮ್ಯಾನೇಜರ್ ಗೋಪೀನಾಥರಿಂದ ಕರೆ ಬಂತು.

ಗೋಪೀನಾಥ್ ಬಾಗಿಲು ಮುಚ್ಚಿ, ಚಿಲಕ ಹಾಕಿ, ಕಿಟಕಿಯ ಪರದೆಯನ್ನೂ ಎಳೆದರು. ಎ.ಸಿ. ಕೋಣೆಯಲ್ಲೂ ಅವರ ಹಣೆ ಬೆವೆತಿತ್ತು.

"ಪಟ್ಟಿ ನಿಮಗೆ ಹೇಗೆ ಸಿಕ್ತು ಅಂತ ನಾನು ಕೇಳಲ್ಲ. ಅದರಲ್ಲಿ ನನ್ನ ಹೆಸರು ಇದೆಯಾ?"

ಇವರಿಗೂ ಹುಚ್ಚು ಹತ್ತಿತಲ್ಲ ಎಂದುಕೊಂಡ ಹನುಮಂತರಾಯಪ್ಪ. ಬೆಳಗಿನಿಂದ ನಿಜ ಹೇಳಿ ಹೇಳಿ ಅವನ ಬಾಯಿ ಒಣಗಿತ್ತು. ಒಬ್ಬರಿಗಾದರೂ ನೆಮ್ಮದಿಯಾಗಲಿ, ತನ್ನನ್ನು ಬಿಟ್ಟರೆ ಸಾಕು ಎನಿಸಿ, "ಇಲ್ಲ ಸಾರ್. ನಾನೇ ನೋಡಿದ್ದೀನಲ್ಲ, ನಿಮ್ಮ ಹೆಸರಿಲ್ಲ," ಎಂದುಬಿಟ್ಟ.

ಗೋಪೀನಾಥ್ ಕುರ್ಚಿಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟರು, ಮೇಘಶ್ರೀ ಹೇಳಿಕೊಟ್ಟಿದ್ದಕ್ಕಿಂತ ಚೆನ್ನಾಗಿ.

"ಬದುಕಿಕೊಂಡೆ. ಶುಕ್ರವಾರ ಆರು ಹೆಸರು ಬರೆದು ಕಳಿಸಿದ್ದು ನಾನೇ. ಮೇಲಿನವರು ಏಳನೆಯದಾಗಿ ನನ್ನನ್ನೂ ಸೇರಿಸಿಬಿಡ್ತಾರೇನೋ ಅಂತ ಒಂದೇ ಯೋಚನೆ." ಅವರು ಎದ್ದು ಬಂದು ಹನುಮಂತರಾಯಪ್ಪನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಹೆಸರನ್ನೇ ಮೊದಲನೇದಾಗಿ ಬರೆದೆ ಕಣ್ರೀ. ನಿಮಗೆ ಹೇಗೆ ಹೇಳೋದು ಅಂತ ಮೂರು ದಿನದಿಂದ ಊಟ ಸೇರಿಲ್ಲ. ನೀವು ನೋಡಿದರೆ ಅದನ್ನ ಓದಿಕೊಂಡೂ ಇಷ್ಟು ಆರಾಮಾಗಿದ್ದೀರ."

ಹನುಮಂತರಾಯಪ್ಪನ ಭುಜಗಳು ಮತ್ತೆ ಕಿವಿಯ ಪಕ್ಕಕ್ಕೇರಿದವು. ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಮಿಕ್ಕ ಐದು ಜನಕ್ಕೂ ಈ ವಿದ್ಯೆ ಸ್ವಲ್ಪ ಹೇಳಿಕೊಡಿ," ಎಂದರು ಗೋಪೀನಾಥ್. "ಗುರುವಾರ ಚೆನ್ನೈ ಬಸ್ಸಲ್ಲಿ ಬೇಕಾದಷ್ಟು ಟೈಮಿರುತ್ತೆ. ಏಳು ಗಂಟೆ ಪ್ರಯಾಣ."