ಹೆಬ್ಬೆರಳಜ್ಜಿ ಮತ್ತು ಹೆಸರಿನ ಹಲಗೆ

“ಈ ಸೀರೆ ಯಾರದು?”

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹಿತ್ತಿಲ ನಲ್ಲಿಯ ಮುಂದೆ ನಿಂತಿದ್ದ ಕುಮಾರೇಶ್ ಬಾಯಿಂದ ಬ್ರಶ್ಶು ತೆಗೆದು ಗಟ್ಟಿಯಾಗಿ ಕೇಳಿದ. ಕೇಳಿದ್ದು ಯಾರನ್ನೂ ಅಲ್ಲ. ಫೋನಿಗೆ ಬಂದಿದ್ದ ಪ್ರಶ್ನೆಯನ್ನು ನಂಬಲಾಗದೆ ಬಾಯಿಬಿಟ್ಟು ಓದಿಕೊಂಡಿದ್ದ, ಅಷ್ಟೇ. ಆದರೆ ಅಡುಗೆಮನೆಯ ಕಿಟಕಿ ತೆರೆದಿತ್ತು.

ಹೆಂಡತಿ ದಿವ್ಯ ದೋಸೆಯ ಸಟ್ಟುಗ ಹಿಡಿದೇ ಹೊರಗೆ ಬಂದಳು. “ಯಾವ ಸೀರೆ? ಎಲ್ಲಿತ್ತು? ಯಾರ್ದು ಅಂತ ನಾನು ಕೇಳ್ಬೇಕು, ನೀವೇ ಕೇಳ್ತಾ ಇದ್ದೀರಾ?”

“ಅಯ್ಯೋ, ಅಜ್ಜಿ ಸೀರೆ ಕಣೆ.”

“ಅಜ್ಜೀದಾ!”

ಆ ಅಜ್ಜಿ ಹೆಬ್ಬೆರಳಿಗಿಂತ ಎತ್ತರವಿಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಒಳಗೊಂದು ದೋಸೆ ಕರಕಲಾಯಿತು.

ಕುಮಾರೇಶ್ ಇದ್ದದ್ದು ಸೂಳಗಿರಿಯ ಪಕ್ಕದ ಹಳ್ಳಿಯಲ್ಲಿ. ತಮಿಳುನಾಡಿಗೆ ಸೇರಿದ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಭೂತಗನ್ನಡಿ ಹಿಡಿದು ಸಣ್ಣ ಸಣ್ಣ ಸ್ಕ್ರೂಗಳಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಅದೇ ಭೂತಗನ್ನಡಿಯನ್ನು ಮನೆಗೂ ತಂದು, ಹೆಬ್ಬೆರಳುದ್ದದ ಬೊಂಬೆಗಳಿಗೆ ಬಣ್ಣ ಹಾಕುವುದು ನಾಲ್ಕು ವರ್ಷದ ಹುಚ್ಚು. ಬೂದಿ ಬಳಿದುಕೊಂಡ ಸನ್ಯಾಸಿಗಳಂತೆ ಬಣ್ಣವಿಲ್ಲದೆ ಪೋಸ್ಟಿನಲ್ಲಿ ಬರುವ ಬೊಂಬೆಗಳಿಗೆ ಅವನು ಕಣ್ಣು, ಮೂಗುತಿ, ಸೆರಗು ಬರೆದು ಸಂಸಾರಕ್ಕೆ ಎಳೆಯುತ್ತಿದ್ದ. ಇದೇ ಹುಚ್ಚಿನವರು ಇನ್ನೂ ಹತ್ತಿಪ್ಪತ್ತು ಮಂದಿ ಸೇರಿ ‘ಹೆಬ್ಬೆರಳ ಬೊಂಬೆ ಬಳಗ’ ಕಟ್ಟಿಕೊಂಡಿದ್ದರು. ಅವತ್ತು ಸಾಯಂಕಾಲ ನಾಲ್ಕಕ್ಕೆ ಹೊಸೂರಿನ ಕಲ್ಯಾಣಮಂಟಪವೊಂದರಲ್ಲಿ ಬಳಗದ ಮೊದಲ ಪ್ರದರ್ಶನ.

ಮೊರ ಹಿಡಿದು ರಾಗಿ ಕೇರುವ ಅಜ್ಜಿಯೊಬ್ಬಳನ್ನು ಕುಮಾರೇಶ್ ಮೂರು ತಿಂಗಳು ಕೂತು ಬರೆದಿದ್ದ. ಐದು ರೂಪಾಯಿ ನಾಣ್ಯದಷ್ಟಗಲದ ಅವಳ ಪೀಠದ ಸುತ್ತ, ಒಂಟಿ ಕೂದಲಿನ ಕುಂಚದಲ್ಲಿ ತನ್ನ ಹೆಸರನ್ನೂ ಬರೆದಿದ್ದ. ಹೆಸರಿಗೇ ಅಲ್ಲಿ ಹೆಚ್ಚಿನ ಮಹತ್ವ. ಅವನು ಬಣ್ಣದ ಸೀಸೆ ಜೋಡಿಸಿಟ್ಟಿದ್ದ ಚಿಕ್ಕ ಕೋಣೆಯ ಮೇಲೆ ಅಪ್ಪ ವೆಂಕಟೇಶಪ್ಪನ ಕಣ್ಣು ಬಿದ್ದಿತ್ತು.

“ಹತ್ ಜನ ಸೇರೋ ಕಡೆ ನಿನ್ ಹೆಸ್ರು ಹಾಕವ್ರೆ ಅಂತ ನನ್ ಕಣ್ಣಾರೆ ಓದಿದ್ರೆ ಕೋಣೆ ನಿಂದು ಕಣ್ಲಾ,” ಎಂದು ಅಪ್ಪ ಹಿಂದಿನ ವಾರ ತೀರ್ಪು ಕೊಟ್ಟಿದ್ದ. “ಇಲ್ದಿದ್ರೆ ಮಾರ್ನೆ ದಿನಾನೇ ರಾಗಿ ಮೂಟೆ ಒಳಕ್ಕೆ, ನಿನ್ ಬೊಂಬೆಗೋಳು ಕೊಟ್ಟಿಗೇಗೆ. ದನ ನೋಡ್ಲಿ ನಿನ್ ಕಲೇನ.”

ಹೀಗಿರುವಾಗ ಕುಮಾರೇಶ್ ಬೆಳಿಗ್ಗೆ ಎದ್ದವನೇ ಉಬ್ಬಿ ಅಜ್ಜಿಯ ಫೋಟೋವನ್ನು ಬಳಗದ ವಾಟ್ಸಾಪಿಗೆ ಹಾಕಿದ. ಅದಕ್ಕೆ ಅಧ್ಯಕ್ಷೆ ಚಂದ್ರಲೇಖಾ ಕಳಿಸಿದ ಉತ್ತರವೇ ಆ ಸೀರೆಯ ಪ್ರಶ್ನೆ. ಮೂವತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದ ಅವರು ಮಕ್ಕಳ ಉತ್ತರಪತ್ರಿಕೆ ನೋಡಿದ ಕಣ್ಣಲ್ಲೇ ಬೊಂಬೆಗಳನ್ನೂ ನೋಡುತ್ತಿದ್ದರು. ಬಳಗದ ನಿಯಮ ಬರೆದವರೂ ಅವರೇ: ಕೇಳಿ ನೋಡು, ನೋಡಿ ಬರಿ, ಯಾರದನ್ನು ನೋಡಿದೆಯೋ ಅವರ ಹೆಸರು ಬರಿ. ಪ್ರತಿ ಸಭೆಯಲ್ಲೂ ಎಲ್ಲರೂ ಎದ್ದು ನಿಂತು ಅದನ್ನು ರಾಗವಾಗಿ ಹೇಳಬೇಕಿತ್ತು.

ಎರಡೇ ನಿಮಿಷಕ್ಕೆ ಅವರ ಫೋನೂ ಬಂತು.

“ಕುಮಾರೇಶ್, ಆ ಚೌಕಳಿ ಸೀರೆ ನಮ್ಮ ಬಳಗದ ಪಾಪಯ್ಯನವರ ಬೊಂಬೇದು. ಮುಖದ ಸುಕ್ಕು ಹನುಮಕ್ಕನ ಬೊಂಬೇದು. ಕೇಳಿದ್ರಾ ಅವರನ್ನ?”

“ಮನಸ್ಸಲ್ಲೇ ಕೇಳ್ಕೊಂಡೆ ಮೇಡಂ.”

“ಅವರು ಮನಸ್ಸಲ್ಲೇ ಕೊಟ್ರಾ?”

ಕುಮಾರೇಶ್ ನಲ್ಲಿ ನಿಲ್ಲಿಸಿದ.

“ಮೂರು ಗಂಟೆ ಒಳಗೆ ಇಬ್ಬರ ಒಪ್ಪಿಗೆ, ಇಬ್ಬರ ಹೆಸರು. ಕಂಡಿಪ್ಪಾ, ತಪ್ಪೋ ಹಾಗಿಲ್ಲ. ಇಲ್ದಿದ್ರೆ ನಿಮ್ಮಜ್ಜಿ ಮೇಜು ಹತ್ತೋ ಹಾಗಿಲ್ಲ.”

“ಫೋನಲ್ಲೇ ಕೇಳ್ಬಿಡ್ಲಾ ಮೇಡಂ?”

“ಕದ್ದಿದ್ದು ಫೋನಲ್ಲಿ ನೋಡಿ. ಕೇಳೋದಾದ್ರೂ ಮುಖ ನೋಡಿ ಕೇಳಿ.”

ಅಜ್ಜಿಯನ್ನು ಹತ್ತಿಯಲ್ಲಿ ಸುತ್ತಿ ಟಿಫನ್ ಡಬ್ಬಿಯಲ್ಲಿಟ್ಟು, ಬಣ್ಣ ಕುಂಚ ಜೇಬಿಗೆ ಹಾಕಿಕೊಂಡು ಕುಮಾರೇಶ್ ಬೈಕು ಹತ್ತಿದ. ಹೊಸೂರು ದಾಟಿ ಡೆಂಕಣಿಕೋಟೆ ತಲುಪಿದಾಗ ಒಂಬತ್ತೂವರೆ. ಹನುಮಕ್ಕ ತೋಟದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹಿಂದಿನ ದಿನ ಬಂದ ಆನೆಗಳು ಕೋಸಿನ ಸಾಲುಗಳನ್ನು ಪಂಕ್ತಿ ಊಟ ಮುಗಿಸಿದಂತೆ ಕ್ರಮವಾಗಿ ಮುಗಿಸಿ ಹೋಗಿದ್ದವು.

“ಆನೇನೂ ಕೇಳ್ದೆ ತಿಂತು, ನೀನೂ ಕೇಳ್ದೆ ಬರ್ಕೊಂಡೆ,” ಎಂದಳು ಹನುಮಕ್ಕ. “ಅದ್ಕೆ ಕೋಸು, ನಿಂಗೆ ಸುಕ್ಕು. ಆಗ್ಲಿ ಬಿಡಪ್ಪ, ನೀನಾದ್ರೂ ಬಂದು ಕೇಳ್ದೆ. ಬರ್ಕೊ ನನ್ ಹೆಸ್ರ.”

ಕುಮಾರೇಶ್‌ನ ಕಣ್ಣು ತೇವವಾಯಿತು. ಪೀಠದ ಮೇಲೆ ಜಾಗವಿರಲಿಲ್ಲ. ಬ್ಲೇಡು ತೆಗೆದು ತನ್ನ ಹೆಸರನ್ನು ಕೆರೆದು, ಅಲ್ಲಿ ‘ಹನುಮಕ್ಕ’ ಎಂದು ಬರೆದ. ತಾನು ಮನೆಯವನು, ಆಮೇಲೆ ಯಾವುದಾದರೂ ಸಂದಿಯಲ್ಲಿ ಸೇರಿಕೊಂಡರಾಯಿತು ಎಂದುಕೊಂಡ.

“ಒಂದ್ ನಿಮ್ಸ,” ಎಂದಳು ಹನುಮಕ್ಕ. “ಆ ಸುಕ್ಕು ನಾನೂ ನೋಡಿ ಬರ್ದಿದ್ದೇ. ನಮ್ಮತ್ತೆ ಅಂಜಿನಮ್ಮಂದು. ನನ್ ನೋಡಿದಾಗೆಲ್ಲ ಮೂತಿ ತಿರುಗ್ಸಿ ತಿರುಗ್ಸಿ ಬಿದ್ದಿದ್ ಗೆರೆ ಅವು. ಆವಮ್ಮನ ಹೆಸ್ರೂ ಹಾಕ್ಬೇಕು.”

“ಅವರನ್ನ ಕೇಳ್ಬೇಕಲ್ಲಕ್ಕ, ಎಲ್ಲವ್ರೆ?”

“ಓಗಿ ಆರ್ ವರ್ಸ ಆಯ್ತು. ಬದುಕಿದ್ರೆ ಕೊಡ್ತಿರ್ಲಿಲ್ಲ, ಅದ್ಕೆ ನಾನೇ ಕೊಡ್ತೀನಿ. ಆದ್ರೆ ತೆಲುಗಲ್ಲಿ ಬರಿ. ಆವಮ್ಮಂಗೆ ಕನ್ನಡ ಓದಕ್ ಬತ್ತಿರ್ಲಿಲ್ಲ.”

ಸತ್ತವರು ಓದುವುದು ಹೇಗೆಂದು ಕೇಳುವ ಧೈರ್ಯ ಕುಮಾರೇಶ್‌ಗೆ ಬರಲಿಲ್ಲ. ನಾಣ್ಯದಗಲದ ಪೀಠದ ಮೇಲೆ ಎರಡು ಲಿಪಿ ಹಿಡಿಯಲಿಲ್ಲ. ಒಂದು ಕಾರ್ಡಿನ ತುಂಡು ಕತ್ತರಿಸಿ ಅಜ್ಜಿಯನ್ನು ಅದರ ಮೇಲೆ ಅಂಟಿಸಿ ಅತ್ತೆಸೊಸೆಯರನ್ನು ಅಕ್ಕಪಕ್ಕ ಬರೆದ. ಅಷ್ಟು ಹತ್ತಿರ ಅವರಿಬ್ಬರೂ ಎಂದೂ ಕೂತಿರಲಿಲ್ಲವಂತೆ.

ಗುಮ್ಮಳಾಪುರದ ಪಾಪಯ್ಯ ಭಜನೆ ಮನೆಯ ಹಿರಿಯ. ನಿಧಾನಸ್ಥ. ಕಾರ್ಡನ್ನು ಮೂಗಿಗೆ ತಾಗಿಸಿ ನೋಡಿ, ತೋಳುದ್ದಕ್ಕೆ ಹಿಡಿದು ನೋಡಿ, ಕೆಳಗಿಟ್ಟ.

“ನಮ್ಮುಡ್ಗ ನೀನು, ನಿಂಗಿಲ್ಲ ಅಂತೀನಾ? ಹಾಕ್ಕೋ. ಆದ್ರೆ ನಂಗ್ ಕಾಣೋ ಹಂಗೆ ಹಾಕು. ನನ್ ಹೆಸ್ರು ನಂಗೇ ಓದಕ್ ಆಗ್ದಿದ್ರೆ ಮರ್ವಾದೆ ಕೊಟ್ಟಂಗಾಯ್ತಾ?”

“ಎಷ್ಟ್ ದಪ್ಪ ಹಾಕ್ಲಿ ತಾತ?”

ಪಾಪಯ್ಯ ಅಂಗೈ ಅಗಲಿಸಿ ತೋರಿಸಿದ. ಆಮೇಲೆ ಕಣ್ಣು ಮುಚ್ಚಿ ಕೈಮುಗಿದು, “ಅಪ್ಪಯ್ಯ, ಸುಳ್ಳಾಡಬಾರ್ದು,” ಎಂದ. “ಆ ಚೌಕಳಿ ನಾನು ಪಕ್ಕದ್ ಮನೆ ಮುರಳಿಕೃಷ್ಣನ ಲುಂಗಿ ನೋಡಿ ಬರ್ದಿದ್ದು. ತಂತಿ ಮೇಲೆ ಒಣಗಾಕಿದ್ದ. ಅವನ ಹೆಸ್ರು ನನ್ ಹೆಸ್ರಿಗಿಂತ ಮೇಲಿರ್ಬೇಕು.”

ಬೇಲಿಯ ಆಚೆ ಕಿವಿ ನಿಗುರಿಸಿಕೊಂಡೇ ಇದ್ದ ಮುರಳಿಕೃಷ್ಣ ಒಂದೇ ನೆಗೆತಕ್ಕೆ ಈಚೆ ಬಂದ.

“ನನ್ ಲುಂಗೀನಾ! ಅಜ್ಜಿಗೆ ಉಡ್ಸೀರಾ!” ಎಂದು ಮೊದಲು ಸಿಟ್ಟಾದ. ಪ್ರದರ್ಶನದಲ್ಲಿ ಹೆಸರು ಬರುತ್ತದೆ ಎಂದು ತಿಳಿದ ಮೇಲೆ ತಣ್ಣಗಾಗಿ ಲುಂಗಿ ಸರಿಮಾಡಿಕೊಂಡ. “ಹಂಗಾದ್ರೆ ಬಿ.ಎ. ಅಂತ ಸೇರ್ಸಿ. ಲುಂಗಿ ತಂದ್ಕೊಟ್ಟಿದ್ದು ನಮ್ ಮಾವ ಮುನಿಯಲ್ಲಪ್ಪ. ಅವರ್ನ ಬಿಟ್ರೆ ಮನೇಲಿ ನಂಗೆ ಊಟ ಹುಟ್ಟಲ್ಲ. ಅವ್ರನ್ನೂ ಹಾಕಿ.”

ಕತೆ ಓದಲು ಕೂತವರು ಗುರುಗಳ ಸ್ಮರಣೆ, ಗುರುಗಳ ಗುರುಗಳ ಸ್ಮರಣೆ ಎಂದು ಹಿಂದೆ ಹಿಂದೆ ಹೋಗಿ, ಕತೆ ಮೊದಲಾಗುವಷ್ಟರಲ್ಲಿ ಕೇಳುವವರ ತಲೆ ತೂಕಡಿಸುತ್ತದಲ್ಲ, ಕುಮಾರೇಶ್‌ನ ಸ್ಥಿತಿ ಹಾಗಾಯಿತು. ಲುಂಗಿ ನೇಯ್ದವರ ವಿಳಾಸ ಯಾರಿಗೂ ಗೊತ್ತಿಲ್ಲದ್ದೇ ಅವನ ಪುಣ್ಯ. ಇಷ್ಟು ಹೆಸರು ಕಾರ್ಡಿನಲ್ಲಿ ಹಿಡಿಯದೆ, ಒಂದು ಬೋರ್ಡನ್ನೇ ಬರೆಸುವುದೆಂದು ಎಲ್ಲವನ್ನೂ ಚೀಟಿಯಲ್ಲಿ ಪಟ್ಟಿಮಾಡಿಕೊಂಡ.

ಒಂದು ಗಂಟೆಗೆ ಹೊಸೂರಿನಲ್ಲಿ ಚಂದ್ರಲೇಖಾ ಮೇಡಂ ಪಟ್ಟಿ ನೋಡಿ ಮೆಚ್ಚಿದರು. ಆಮೇಲೆ ಕನ್ನಡಕ ಹಣೆಗೇರಿಸಿದರು.

“ತೆಲುಗಿದೆ, ಕನ್ನಡ ಇದೆ. ತಮಿಳೆಲ್ಲಿ? ಹೊಸೂರಲ್ಲಿ ಬೋರ್ಡು ಇಡ್ತಾ ಇದ್ದೀರಿ ಕುಮಾರೇಶ್. ಎಲ್ಲಾ ಹೆಸರೂ ಮೂರು ಭಾಷೇಲಿ ಇರಲಿ, ಯಾರಿಗೂ ಬೇಜಾರಿಲ್ಲ. ಮೇಲೆ ಬಳಗದ ಹೆಸರು. ನಿಯಮ ಮಾಡಿದವರು ಅಂತ ನನ್ನದೂ ಒಂದು, ಸಣ್ಣದಾಗಿ.”

ಎಷ್ಟು ಸಣ್ಣದಾಗಿ ಎಂದು ಅವರೂ ಕೈಯಲ್ಲಿ ತೋರಿಸಿದರು. ಪಾಪಯ್ಯನ ಅಂಗೈಗಿಂತ ಅದು ಎರಡು ಬೆರಳು ದೊಡ್ಡದಿತ್ತು.

ಇಷ್ಟು ಹೆಸರನ್ನು ಬರೆಯುವುದು ಒಂಟಿ ಕೂದಲಿನ ಕುಂಚದ ಕೆಲಸವಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಬಾಲಾಜಿ ಎಂಬವನ ಅಂಗಡಿಯಿತ್ತು. ಲಾರಿಗಳ ಬೆನ್ನಿಗೂ ಅಂಗಡಿಗಳ ನೆತ್ತಿಗೂ ಅಕ್ಷರ ಬರೆಯುವವನು. ಡಿಜಿಟಲ್ ಬ್ಯಾನರು ಬಂದ ಮೇಲೆ ಅವನ ಕುಂಚಗಳು ಡಬ್ಬಿಯಲ್ಲಿ ತಲೆಕೆಳಗಾಗಿ ತಪಸ್ಸು ಮಾಡುತ್ತಿದ್ದವು. ಚೀಟಿ ನೋಡಿ ಅವನಿಗೆ ಮೈಯೆಲ್ಲ ಉತ್ಸಾಹ ಬಂತು.

“ಮೂರ್ ಭಾಷೆ! ಎಷ್ಟ್ ವರ್ಸ ಆಯ್ತು ಸಾರ್ ಹಿಂಗ್ ಬರ್ದು! ಹಲಗೆ ಐತೆ ನನ್ತಾವ. ಬಿರಿಯಾನಿ ಹೋಟ್ಲಿಗೆ ಮಾಡ್ಸಿದ್ರು, ಹೋಟ್ಲೇ ತೆಗೀಲಿಲ್ಲ.”

ಬಾಗಿಲಿನಷ್ಟಿದ್ದ ಹಳದಿ ಹಲಗೆಯ ಮೇಲೆ ‘ಇವರದನ್ನು ನೋಡಿ ಬರೆದದ್ದು’ ಎಂಬ ತಲೆಬರಹ ಮೂಡಿತು. ಅದರ ಕೆಳಗೆ ಹೆಸರುಗಳು ಮೂರು ಲಿಪಿಗಳಲ್ಲಿ, ನೆರಳು ಬಿಟ್ಟುಕೊಂಡು, ಬಾಲಕ್ಕೆ ಬಳ್ಳಿ ಸುತ್ತಿಕೊಂಡು ಅರಳಿದವು. ಚೀಟಿಯಲ್ಲಿದ್ದದ್ದು ಒಂದಕ್ಷರವೂ ತಪ್ಪಲಿಲ್ಲ. ಚೀಟಿಯಲ್ಲಿ ಇಲ್ಲದ್ದರ ನೆನಪು, ಗಡಿಯಾರವನ್ನೇ ನೋಡುತ್ತಿದ್ದ ಕುಮಾರೇಶ್‌ಗೆ ಬರಲಿಲ್ಲ. ಅವನು ಅಜ್ಜಿಯನ್ನು ಕಾರ್ಡಿನಿಂದ ಬಿಡಿಸಿ, ಹಲಗೆಯ ಕೆಳಗಿನ ಚೌಕಟ್ಟಿನ ಮೂಲೆಯಲ್ಲಿ ಅಂಟಿಸಿದ. ದೇವಸ್ಥಾನದ ಗೋಪುರದ ಬುಡದಲ್ಲಿ ನಿಂತ ಇರುವೆಯಂತೆ ಅವಳು ಮೊರ ಹಿಡಿದು ನಿಂತಳು.

ಬಣ್ಣ ಇನ್ನೂ ಹಸಿ. ಅಕ್ಷರ ಹೊರಮುಖ ಮಾಡಿ ಹಲಗೆಯನ್ನು ಬೆನ್ನಿಗೆ ಕಟ್ಟಿಕೊಂಡು, ಬಾಲಾಜಿಯನ್ನು ಹಿಂದೆ ಕೂರಿಸಿಕೊಳ್ಳಲು ಜಾಗವಿಲ್ಲದೆ ಅವನನ್ನು ಆಟೋಗೆ ಹತ್ತಿಸಿ, ಕುಮಾರೇಶ್ ಆಮೆಯಂತೆ ಹೊರಟ. ಹೈವೇಯ ಸೇತುವೆಯ ಮೇಲೆ ಗಾಳಿ ಬೀಸಿದಾಗ ಬೈಕು ಕೃಷ್ಣಗಿರಿ ಕಡೆಗೂ ಅವನು ಬೆಂಗಳೂರು ಕಡೆಗೂ ಹೊರಟಂತಾಯಿತು. ಸಿಗ್ನಲ್ಲಿನಲ್ಲಿ ಲಾರಿಯೊಂದರ ಕ್ಲೀನರ್ ಬಗ್ಗಿ ಅವನ ಬೆನ್ನನ್ನು ಪೂರ್ತಿ ಓದಿದ.

“ಎಂದ ಕಚ್ಚಿ ಸಾರ್?” ಎಂದು ತಮಿಳಿನಲ್ಲಿ ಕೇಳಿದ. “ಯಾವ ಪಾರ್ಟಿ? ಬಿ.ಎ. ಓದಿರೋರು ನಿಂತವ್ರೆ, ಪರವಾಗಿಲ್ವೆ!”

ಮೂರಕ್ಕೆ ಐದು ನಿಮಿಷವಿರುವಾಗ ಹಲಗೆ ಮಂಟಪ ಹೊಕ್ಕಿತು. ಮೇಜಿನ ಮೇಲೆ ಹಿಡಿಯದೆ ವಧೂವರರು ಕೂರುವ ಕಡೆ ಗೋಡೆಗೆ ಒರಗಿಸಿದರು. ಚಂದ್ರಲೇಖಾ ಮೇಡಂ ಕೈ ಜೋಡಿಸಿದರು. ಪಾಪಯ್ಯ ಬಾಗಿಲಲ್ಲೇ ನಿಂತು ತನ್ನ ಹೆಸರು ಓದಿ ಕಣ್ಣೊರೆಸಿಕೊಂಡ. ಹನುಮಕ್ಕ ಅತ್ತೆಯ ಹೆಸರಿಗೆ ಒಂದು ಹೂವಿಟ್ಟಳು. ಎಲ್ಲರಿಗೂ ಸಂತೋಷವಾದದ್ದನ್ನು ಕಂಡು ಕುಮಾರೇಶ್ ಬೆಳಗಿನಿಂದ ಮೊದಲ ಸಲ ನೀರು ಕುಡಿದ.

ಬಹುಮಾನ ಹೇಳಲು ಕೃಷ್ಣಗಿರಿಯಿಂದ ವಯಸ್ಸಾದ ಡ್ರಾಯಿಂಗ್ ಮೇಷ್ಟ್ರೊಬ್ಬರು ಬಂದಿದ್ದರು. ಮೇಜುಗಳ ಮೇಲಿನ ಬೊಂಬೆಗಳು ಅವರಿಗೆ ಕಡಲೆಕಾಯಿ ಚೆಲ್ಲಿದಂತೆ ಕಂಡವು. ಹಲಗೆಯ ಮುಂದೆ ಮಾತ್ರ ಕಾಲು ಗಂಟೆ ನಿಂತರು.

“ಅರವತ್ತು ವರ್ಷದಲ್ಲಿ ಇಂಥ ಅಕ್ಷರ ನೋಡಲಿಲ್ಲ,” ಎಂದರು ಮೈಕಿನಲ್ಲಿ. “ಮೂರು ಲಿಪಿ, ಒಂದೇ ಕೈ! ಕೆಳಗೆ ಮೂಲೆಯಲ್ಲಿ ಏನೋ ಒಂದು ಬಣ್ಣದ ಹನಿ ಬಿದ್ದಿದೆ, ಅದೊಂದು ದೋಷ ಬಿಟ್ಟರೆ ಮೊದಲ ಬಹುಮಾನ ಇದಕ್ಕೇ. ಬರೆದವರು ಬರಬೇಕು.”

ಕುಮಾರೇಶ್ ಎದ್ದ. ಅಷ್ಟರಲ್ಲಿ ಬಾಲಾಜಿ ವೇದಿಕೆಯ ಮೇಲಿದ್ದ. ಅವನಿಗೆ ಶಾಲು ಹೊದಿಸಿದರು, ಚಪ್ಪಾಳೆ ತಟ್ಟಿದರು. ಚಂದ್ರಲೇಖಾ ಮೇಡಂ ಅವನನ್ನು ಅಲ್ಲೇ ಬಳಗಕ್ಕೆ ಸೇರಿಸಿಕೊಂಡರು.

ಅದೇ ಹೊತ್ತಿಗೆ ಅಪ್ಪ ವೆಂಕಟೇಶಪ್ಪ ಊರಿನ ನಾಲ್ಕು ಜನರನ್ನು ಸಾಕ್ಷಿಗೆ ಕರೆದುಕೊಂಡು ಒಳಗೆ ಬಂದ. ಹಲಗೆಯ ಮುಂದೆ ನಿಂತು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಶ್ರಾವಣದಲ್ಲಿ ಪುರಾಣ ಓದಿದಂತೆ ಎಳೆದು ಎಳೆದು ಕನ್ನಡದ್ದನ್ನೆಲ್ಲ ಓದಿದ. ತೆಲುಗಿನದನ್ನು ಒಬ್ಬ, ತಮಿಳಿನದನ್ನು ಇನ್ನೊಬ್ಬ ಓದಿ ಹೇಳಿದರು. ಕೊನೆಯ ಹೆಸರಿಗೆ ಬಂದ ಬೆರಳು ಅಲ್ಲೇ ನಿಂತಿತು.

“ಲುಂಗಿ ತಂದ್ಕೊಟ್ಟೋನ್ ಹೆಸ್ರು ಐತೆ. ಸತ್ತೋರ್ ಹೆಸ್ರು ಐತೆ. ನಿಂದ್ ಎಲ್ಲೋ?”

“ಈಗ ಬಂತಪ್ಪ, ಒಂದ್ ನಿಮ್ಸ ನಿಂತ್ಕೊ,” ಎಂದ ಕುಮಾರೇಶ್. ಓಡಿಹೋಗಿ ವೇದಿಕೆಯಿಂದ ಇಳಿಯುತ್ತಿದ್ದ ಬಾಲಾಜಿಯ ಕೈ ಹಿಡಿದ. “ಬಾಲಾಜಿ, ನಿಂಗ್ ಕೈ ಮುಗೀತೀನಿ. ಕೆಳಗೆ ಒಂದಿಷ್ಟ್ ಜಾಗ ಐತೆ. ‘ಕುಮಾರೇಶ್’ ಅಂತ ನಾಕಕ್ಷರ ಬರ್ದ್ಬುಡು. ಕನ್ನಡದಲ್ಲಿ ಸಾಕು. ಸಣ್ಣದಾಗಿ ಸಾಕು. ನಮ್ಮಪ್ಪ ನಿಂತವ್ರೆ, ಕೋಣೆ ಹೋಗುತ್ತೆ ಕಣೋ!”

ಬಾಲಾಜಿ ಹಲಗೆಯ ಕಡೆಗೆ ತಿರುಗಿದ. ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಮೇಲಿಂದ ಕೆಳಗೆ ಅಳೆದ. ಹೆಗಲ ಮೇಲಿನ ಶಾಲನ್ನು ಸರಿಪಡಿಸಿಕೊಂಡ.

“ಬರೆಯಲ್ಲ ಸಾರ್,” ಎಂದ. “ಮೊದಲ್ನೇ ಬಹುಮಾನ ಬಂದಿರೋ ಹಲಗೆ, ಇನ್ನೊಂದಕ್ಷರ ಸೇರ್ಸಿದ್ರೂ ಕೆಟ್ಟೋಗ್ತೈತೆ.”