ಬೇಡ ಅಂದರೆ ಬಡಿಸುವ ಯಂತ್ರ

"ಎಲ್ಲಾರೂ ಉಸಿರು ಬಿಗಿಹಿಡ್ಕೊಳ್ಳಿ!" ಎಂದರು ಮಲ್ಲಪ್ಪ ಚಿಕ್ಕಮಾವ, ಮೇಜಿನ ಮೇಲಿನ ಟವೆಲ್ಲನ್ನು ಸರ್ರನೆ ಎಳೆದು.

ಅತ್ತೆ ಮಹದೇವಮ್ಮನವರು ಉಸಿರು ಬಿಗಿಹಿಡಿಯಲಿಲ್ಲ. ಕಳೆದುಹೋಗಿದ್ದ ತಮ್ಮ ಇಡ್ಲಿ ಪಾತ್ರೆಯನ್ನು ಗುರುತು ಹಿಡಿದರು. "ಲೋ ಮಲ್ಲಪ್ಪ, ಅದು ನಮ್ಮನೆ ಇಡ್ಲಿ ಪಾತ್ರೆ ಅಲ್ವೇನೋ? ಯುಗಾದಿಯಿಂದ ಹುಡುಕ್ತಾ ಇದೀನಿ!"

"ಆಗ ಅದು ಇಡ್ಲಿ ಪಾತ್ರೆ ಅತ್ತಿಗೆ. ಈಗ ಅದು ವಿಜ್ಞಾನ!"

ಆ ವಿಜ್ಞಾನಕ್ಕೆ ಹೊಟ್ಟೆಯ ಮೇಲೆ ಬಣ್ಣಬಣ್ಣದ ಬಲ್ಬುಗಳು, ಪಕ್ಕದಲ್ಲಿ ಹಳೇ ರೇಡಿಯೋದ ಸ್ಪೀಕರು, ಮುಚ್ಚಳದ ನೆತ್ತಿಗೊಂದು ಏರಿಯಲ್ಲು. ಮಲ್ಲಪ್ಪನವರು ಐಟಿಐನಲ್ಲಿ ಎಲೆಕ್ಟ್ರಿಕಲ್ ಮೇಷ್ಟರಾಗಿದ್ದು ರಿಟೈರ್ ಆದವರು. ರಿಟೈರ್ ಆದವರು ಸುಮ್ಮನಿರಬೇಕೋ ಬೇಡವೋ? ಹಿಂದಿನ ಸಲ ದೋಸೆ ತಿರುವಿ ಹಾಕುವ ಯಂತ್ರ ಮಾಡಿದ್ದರು. ಅದು ದೋಸೆ ತಿರುವಿ ಹಾಕಿತು, ಸುಳ್ಳು ಹೇಳಬಾರದು. ಆದರೆ ಕಾವಲಿಗಲ್ಲ, ಚಾವಣಿಗೆ! ಆ ಕಲೆ ಇವತ್ತಿಗೂ ಮಹದೇವಮ್ಮನವರ ಅಡುಗೆಮನೆಯಲ್ಲಿದೆ.

ಈ ಹೊಸ ಯಂತ್ರ ಹುಟ್ಟಿದ್ದು ಮನೆಯ ಸೊಸೆ ಇಂದುಕಲಾಳ ಸಲುವಾಗಿ. ಇಂದುಕಲಾಳದು ಆನ್‌ಲೈನ್ ಮಾರ್ಕೆಟಿಂಗ್ ಕೆಲಸ. ಅಂದರೆ ಮೈಸೂರಿನ ಸಣ್ಣಪುಟ್ಟ ಅಂಗಡಿ, ಕಾರ್ಖಾನೆಯವರ ಸಾಮಾನುಗಳ ಫೋಟೋ ತೆಗೆದು, ನಾಲ್ಕು ಚೆಂದದ ಮಾತು ಬರೆದು, ಜಾಹೀರಾತು ಮಾಡಿ ಊರವರ ಮೊಬೈಲಿಗೆಲ್ಲ ಮುಟ್ಟಿಸುವುದು. "ಮನೇಲೇ ಕೂತು ಕೆಲಸ, ಎಷ್ಟು ಆರಾಮ!" ಎನ್ನುತ್ತಿದ್ದರು ನೆಂಟರು. ಆರಾಮ ಅವರಿಗೆ! ಒಲೆಯ ಮೇಲೆ ಸಾರು ಉಕ್ಕುವಾಗಲೇ ಕಿವಿಯಲ್ಲಿ ಗಿರಾಕಿ ಉಕ್ಕುತ್ತಿದ್ದ. ಇದರ ಮೇಲೆ ಬುಧವಾರ ಬುಧವಾರ ವ್ಯಾಪಾರಿಗಳ ಬಳಗದ ಸಭೆ ಬೇರೆ. ಹೋಟೆಲೊಂದರಲ್ಲಿ ಸೇರಿ, ವಡೆ ತಿಂದು, ಕಾರ್ಡು ಹಂಚಿ, ನಿಮಗೆ ನಾವು ನಮಗೆ ನೀವು ಎಂದು ಪರಿಚಯ ಬೆಳೆಸಿಕೊಳ್ಳಬೇಕು. ಅದಕ್ಕೆ ನೆಟ್‌ವರ್ಕಿಂಗ್ ಎಂದು ಹೆಸರು. ಮಹದೇವಮ್ಮನವರು ಅದನ್ನು 'ನಿನ್ನ ವಡೆ ಸಂಘ' ಎನ್ನುತ್ತಿದ್ದರು. ಗಂಡ ಉಮಾಪತಿ ಕೊಳ್ಳೇಗಾಲದ ಕಾಲೇಜಿನಲ್ಲಿ ಪಾಠ ಹೇಳಲು ಬೆಳಗ್ಗೆ ಬಸ್ಸು ಹತ್ತಿದರೆ ಇಳಿಯುವುದು ಸಂಜೆಗೇ. ಹೀಗೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿದ್ದ ಸಂಸಾರದಲ್ಲಿ ಇಂದುಕಲಾ ಯಾವ ಕಡೆ ನಡೆಯಬೇಕೋ ತಿಳಿಯದೆ ನಿಂತಲ್ಲೇ ಸುತ್ತುತ್ತಿದ್ದಳು.

ಪೆಟ್ಟು ಬಿದ್ದದ್ದು ಮಾತ್ರ ಮಗಳಿಗೆ. ಏಳನೇ ಕ್ಲಾಸಿನ ಹೈಮಾ ಶಾಲೆಯ ಖೋಖೋ ತಂಡದಲ್ಲಿದ್ದಳು. ಅವಳ ಮೊದಲ ಪಂದ್ಯಕ್ಕೆ ಇಂದುಕಲಾ "ಬಂದೇ ಬರ್ತೀನಿ" ಅಂದಳು, ಹೋಗಲಿಲ್ಲ. ಸೆಮಿಫೈನಲ್ಲಿಗೂ ಹಾಗೇ ಅಂದಳು, ಹೋಗಲಿಲ್ಲ. ಅವತ್ತು ಮಗು ಓಡುವಾಗೆಲ್ಲ ಗೇಟಿನ ಕಡೆ ನೋಡಿ ನೋಡಿ ಔಟಾಯಿತು ಎಂದು ಅತ್ತೆ ಬಂದು ಹೇಳಿದರು. ಈಗ ಬುಧವಾರ ಹನ್ನೊಂದಕ್ಕೆ ಫೈನಲ್ಲು. ಈ ಸಲವೂ ತಪ್ಪಿದರೆ ಮಗಳ ಮುಖ ಹೇಗೆ ನೋಡುವುದು?

"ಅದಕ್ಕೇ ಇದು!" ಚಿಕ್ಕಮಾವ ಇಡ್ಲಿ ಪಾತ್ರೆಯ ಬೆನ್ನು ತಟ್ಟಿದರು. "ಇದರ ಹೆಸರು ಸಕಲ ಸಂಧಾನಿ. ನಿನ್ನ ಧ್ವನಿಯಲ್ಲೇ ಫೋನು ಎತ್ತತ್ತೆ, ಮೆಸೇಜು ಕಳಿಸತ್ತೆ, ಜಾಹೀರಾತು ಹಾಕತ್ತೆ. ನೀನು ಕೈ ಬೀಸ್ಕೊಂಡು ಮ್ಯಾಚಿಗೆ ಹೋಗಮ್ಮ!"

ಅಷ್ಟರಲ್ಲೇ ಫೋನು ಬಂತು. ರವಿಕೆ ಹೊಲಿಯುವ ಜಬೀನಾ, "ಮೇಡಂ, ನನ್ನ ಹೊಸ ಡಿಸೈನು ನಾಳೆ ಹಾಕ್ತೀರಾ?" ಎಂದಳು.

"ಖಂಡಿತ ಜಬೀನಾ, ಫೋಟೋ ಕಳಿಸಿ," ಎಂದಿತು ಪಾತ್ರೆ. ಅದೇ ಧ್ವನಿ, ಅದೇ ಅವಸರ! ಇಂದುಕಲಾ ತನ್ನ ಬಾಯಿ ತಾನೇ ಮುಟ್ಟಿ ನೋಡಿಕೊಂಡಳು. ಹೈಮಾ ಒಂದು ಸಲ ಪಾತ್ರೆಯನ್ನೂ ಒಂದು ಸಲ ಅಮ್ಮನನ್ನೂ ನೋಡಿ, "ಹಂಗಾದ್ರೆ ಬುಧವಾರ ಬರ್ತೀಯಾ?" ಎಂದಳು. "ಬರ್ತೀನಿ ಕಣೇ!" ಎಂದಳು ಇಂದುಕಲಾ. ಇದನ್ನು ಪಾತ್ರೆ ಹೇಳಲಿಲ್ಲ, ಅವಳೇ ಹೇಳಿದಳು.

"ಇನ್ನೊಂದೇ ಕೆಲಸ," ಎಂದರು ಚಿಕ್ಕಮಾವ. "ಯಾರ ಹತ್ರ ಹೆಂಗೆ ನಡ್ಕೋಬೇಕು ಅಂತ ಇದಕ್ಕೆ ಕಲಿಸ್ಬೇಕು. ಎರಡು ದಿನ ಇದರ ಪಕ್ಕ ಕೂತು ಮಾತಾಡು."

"ಎರಡು ದಿನ ಕೂರೋಕೆ ಪುರುಸೊತ್ತು ಇದ್ದಿದ್ರೆ ಇದು ಯಾಕೆ ಬೇಕಿತ್ತು ಚಿಕ್ಕಮಾವ?"

ಚಿಕ್ಕಮಾವ ತಲೆ ಕೆರೆದುಕೊಂಡರು. "ಅದೂ ಹೌದು. ಮಾತು ತಾನೇ ಬೇಕಾಗಿರೋದು? ಅತ್ತಿಗೆ ಇದಾರಲ್ಲ! ಮಾತಿಗೇನು ಬರವಾ?"

ಸಕಲ ಸಂಧಾನಿಯನ್ನು ಊಟದ ಮನೆಯ ಗೂಡಿನಲ್ಲಿ ಇಟ್ಟರು. ಅವತ್ತೇ ಮಹದೇವಮ್ಮನವರ ತಂಗಿಯ ಸಂಸಾರ ಗುಂಡ್ಲುಪೇಟೆಯಿಂದ ಬಂದಿಳಿಯಿತು. ಎರಡು ದಿನ ಊಟ, ತಿಂಡಿ, ಮಾತು, ನಗು. ಯಂತ್ರ ಬಲ್ಬು ಮಿಟುಕಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಿತು.

ಬುಧವಾರ ಬಂತು. ವಡೆ ಸಂಘಕ್ಕೆ ಚಕ್ಕರ್ ಹೊಡೆದು ಇಂದುಕಲಾ ಹತ್ತು ಗಂಟೆಗೇ ತಲೆ ಬಾಚಲು ನಿಂತಳು. ಎಷ್ಟು ದಿನವಾಗಿತ್ತು ಹೀಗೆ ನಿಧಾನವಾಗಿ ಜಡೆ ಹೆಣೆದುಕೊಂಡು! ಫೋನು ಬಂತು. ಯಂತ್ರ ಎತ್ತಿತು. ಮಂಚ, ಬೀರು ಮಾರುವ ಸುರೇಂದ್ರನ ಧ್ವನಿ.

"ಮೇಡಂ, ಈ ತಿಂಗಳು ಜಾಹೀರಾತು ಬೇಡ."

"ಹಂಗಂದ್ರೆ ಹೆಂಗೆ? ಒಂದೇ ಒಂದು ಹಾಕ್ತೀನಿ, ಸಣ್ಣದು," ಎಂದಿತು ಯಂತ್ರ.

"ಇಲ್ಲ ಮೇಡಂ, ನಿಜವಾಗ್ಲೂ ಬೇಡ."

"ಸಂಕೋಚ ಮಾಡ್ಕೋತಾ ಇದೀರ ನೀವು. ಇದು ನಿಮ್ಮನೆ ಅಂತ ತಿಳ್ಕೊಳ್ಳಿ!" ಟಿಂಗ್ ಟಿಂಗ್ ಎಂದು ಎರಡು ಜಾಹೀರಾತು ಊರ ಮೇಲೆ ಹೋದವು.

"ಅಯ್ಯೋ ಸಾಕು ಮೇಡಂ, ಸಾಕು!"

ಟಿಂಗ್ ಟಿಂಗ್ ಟಿಂಗ್ ಟಿಂಗ್!

ಇಂದುಕಲಾಳ ಬಾಚಣಿಗೆ ಜಡೆಯಲ್ಲೇ ನಿಂತಿತು. ಇದೇನು ಕೇಳಿಸುತ್ತಿದೆ ಎಂದು ಅವಳಿಗೆ ತಲೆಬುಡ ತಿಳಿಯಲಿಲ್ಲ. ಧ್ವನಿ ತನ್ನದು, ಮಾತು ತನ್ನದಲ್ಲ. ಆದರೂ ಎಲ್ಲೋ ಕೇಳಿದ ಮಾತು! ಮೊಬೈಲು ನೋಡಿದರೆ ಇನ್ನೂ ಗಾಬರಿ. 'ದಯವಿಟ್ಟು ಮೆಸೇಜು ಕಳಿಸಬೇಡಿ' ಎಂದು ಬರೆದವರಿಗೆಲ್ಲ ಯಂತ್ರ ಮೆಸೇಜಿನ ಸುರಿಮಳೆ ಸುರಿಸಿತ್ತು. ಮತ್ತೆ ಫೋನು. ಈ ಸಲ ಮಿಕ್ಸಿ ಕಾರ್ಖಾನೆಯ ಬಸವಲಿಂಗಯ್ಯ, ಅವಳ ಗಿರಾಕಿಗಳಲ್ಲೇ ದೊಡ್ಡ ಕುಳ.

"ಮುಂದಿನ ವರ್ಷದ್ದು ಯೋಚನೆ ಮಾಡಿ ಹೇಳ್ತೀನಿ ಮೇಡಂ," ಎಂದರು ಅವರು ಗಂಭೀರವಾಗಿ.

"ಯೋಚನೆ ಆಮೇಲೆ. ಊಟಕ್ಕೆ ಮನೆಗೆ ಬನ್ನಿ."

"ಆಂ? ಇರ್ಲಿ ಮೇಡಂ, ಇನ್ನೊಂದ್ಸಲ..."

"ಇನ್ನೊಂದ್ಸಲ ಗಿನ್ನೊಂದ್ಸಲ ಎಲ್ಲ ಆಗಲ್ಲ. ಇವತ್ತೇ! ಮನೆಯವರನ್ನೂ ಕರ್ಕೊಂಡ್ ಬನ್ನಿ. ಬರ್ಲಿಲ್ಲ ಅಂದ್ರೆ ನನ್ನಾಣೆ!"

ಇಂದುಕಲಾ ಕಿರುಚಿದ ಕಿರುಚಿಗೆ ಎರಡು ಬೀದಿ ಆಚೆಯಿಂದ ಚಿಕ್ಕಮಾವ ಸೈಕಲ್ಲು ತುಳಿದುಕೊಂಡು ಬಂದರು. ನಡೆದದ್ದನ್ನೆಲ್ಲ ಕೇಳಿ, ಗಾಬರಿಯಾಗುವುದು ಬಿಟ್ಟು ಮುಖ ಅರಳಿಸಿದರು. "ಭೇಷ್! ಎಷ್ಟು ಚೆನ್ನಾಗಿ ಕಲ್ತಿದೆ ನೋಡು! ಅತ್ತಿಗೆ, ಇದು ಪೂರಾ ನೀವೇ!"

"ನಾನೇನೋ ಮಾಡ್ದೆ?" ಎಂದರು ಮಹದೇವಮ್ಮನವರು.

"ಎರಡು ದಿನ ನೀವು ಬಡಿಸಿದ್ದನ್ನ ಕೇಳಿಸ್ಕೊಂಡಿದೆ. ನಿಮ್ಮ ತಂಗಿ ಬೇಡ ಅಂದಾಗೆಲ್ಲ ನೀವು ಇನ್ನೊಂದು ಸೌಟು ಹಾಕಿದ್ರಿ. ಸಾಕು ಅಂದಾಗ ಎರಡು ಸೌಟು! ಬೇಡ ಅಂದ್ರೆ ಹಾಕ್ಬೇಕು ಅಂತ ಅದಕ್ಕೆ ಅರ್ಥ ಆಗಿದೆ."

"ಮತ್ತೆ? ಬೇಡ ಅಂದ ತಕ್ಷಣ ಪಾತ್ರೆ ಎತ್ಕೊಂಡು ಹೋಗೋದು ಮರ್ಯಾದಸ್ಥರ ಲಕ್ಷಣವೇನೋ?"

"ಅತ್ತೆ, ಚಿಕ್ಕಮಾವ, ಜಗಳ ಆಮೇಲೆ! ಮೊದಲು ಇದನ್ನ ನಿಲ್ಸಿ. ಹೈಮಾ ಮ್ಯಾಚಿಗೆ ಹೊತ್ತಾಯ್ತು!"

"ಅದಕ್ಕೇನಂತೆ? ಬಾಯಲ್ಲಿ ಹೇಳಿದ್ರೆ ನಿಲ್ಲೋ ಹಾಗೆ ಮಾಡಿದೀನಿ," ಎಂದು ಚಿಕ್ಕಮಾವ ಎದೆಯುಬ್ಬಿಸಿ ಕೂಗಿದರು. "ಸಾಕು, ನಿಲ್ಲು!"

ಯಂತ್ರದ ಬಲ್ಬುಗಳೆಲ್ಲ ಜಗ್ಗನೆ ಉರಿದವು. "ಇಷ್ಟಕ್ಕೇ ಸಾಕಾ? ಇನ್ನೊಂಚೂರು!" ಟಿಂಗ್ ಟಿಂಗ್ ಟಿಂಗ್!

ಚಿಕ್ಕಮಾವ ಬೆಪ್ಪಾದರು. "ಹಂಗಾದ್ರೆ... ಬೇಕು! ಇನ್ನೂ ಬೇಕು!" ಎಂದು ತಿರುಗಿಸಿ ಹೇಳಿ ನೋಡಿದರು.

"ಬಾಯ್ಬಿಟ್ಟು ಕೇಳಿದ್ರಲ್ಲ, ಎಷ್ಟು ಸಂತೋಷ!" ಎಂದಿತು ಯಂತ್ರ. ಟಿಂಗ್ ಟಿಂಗ್ ಸದ್ದು ಇನ್ನೂ ಜೋರಾಯಿತು. ಮಹದೇವಮ್ಮನವರ ಕೈಯಲ್ಲಿ ಬೇಡ ಅಂದರೂ ಅಷ್ಟೇ, ಬೇಕು ಅಂದರೂ ಅಷ್ಟೇ. ಇಂದುಕಲಾ ವೈರು ಕಿತ್ತಳು. ಅದರಿಂದಲೂ ಏನೂ ಆಗಲಿಲ್ಲ.

"ಕರೆಂಟು ಹೋದ್ರೂ ಕೆಲಸ ನಿಲ್ಲಬಾರ್ದು ಅಂತ ಒಳಗೆ ಬ್ಯಾಟರಿ ಇಟ್ಟಿದೀನಿ," ಎಂದರು ಚಿಕ್ಕಮಾವ, ಹೆಮ್ಮೆ ಪಡಬೇಕೋ ನಾಚಿಕೆ ಪಡಬೇಕೋ ತಿಳಿಯದೆ.

"ಮುಚ್ಚಳ ತೆಗೀರಿ ಮತ್ತೆ!"

"ಬೆಸುಗೆ ಹಾಕ್ಬಿಟ್ಟಿದೀನಿ ಕಣಮ್ಮ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ. ಇಂದುಕಲಾ ಸ್ಕೂಟರಿನ ಕೀ ಹಿಡಿದು ಬಾಗಿಲಿಗೆ ಓಡಿದಳು. ಬಾಗಿಲು ತೆಗೆದರೆ ಎದುರಿಗೆ ಬಸವಲಿಂಗಯ್ಯ! ರೇಷ್ಮೆ ಅಂಚಿನ ಪಂಚೆ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಪಕ್ಕದಲ್ಲಿ ಹೆಂಡತಿ. ಅವರ ಹಿಂದೆ ಜಬೀನಾ, ಜಬೀನಾಳ ಹಿಂದೆ ವಡೆ ಸಂಘದ ಪೂರಾ ಬಳಗ. ಅದರ ಹಿಂದೆ, ಮಿಕ್ಸಿ ಜಾಹೀರಾತು ನೋಡಿ ಎಂದೋ ಒಂದು ಸಲ ಬೆಲೆ ಕೇಳಿದ್ದ, ಇವಳು ಮುಖವನ್ನೇ ನೋಡಿರದ ಜನ, ಬೀದಿಯ ತಿರುವಿನವರೆಗೆ!

"ನಾನು ಬರಲ್ಲ ಅಂತಲೇ ಅಂದೆ ಮೇಡಂ," ಎಂದ ಸುರೇಂದ್ರ ಬೆವರು ಒರೆಸಿಕೊಳ್ಳುತ್ತ. "ಊಟಕ್ಕೆ ಬನ್ನಿ ಅಂತ ಎಲ್ಲಾರಿಗೂ ಮೆಸೇಜು ಕಳಿಸಿ ನೀವು ಆಣೆ ಇಟ್ಬಿಟ್ರಿ."

ಕರೆಸಿಕೊಂಡು ಬಂದವರನ್ನು ಹೊಸಿಲಿನಿಂದ ಹೇಗೆ ಕಳಿಸುವುದು? ಮಹದೇವಮ್ಮನವರು ಒಂದು ಮಾತೂ ಕೇಳಲಿಲ್ಲ. ಸೆರಗು ಸಿಕ್ಕಿಸಿ, ಹಬ್ಬದ ಕೊಳಗ ಇಳಿಸಿ, ಅಕ್ಕಪಕ್ಕದ ಮನೆಯ ಒಲೆಗಳನ್ನೂ ಹೊತ್ತಿಸಿ ಚಿತ್ರಾನ್ನಕ್ಕೆ ಇಟ್ಟುಬಿಟ್ಟರು. ಇಂದುಕಲಾ ಒಂದು ಕೈಯಲ್ಲಿ ಕೀ, ಒಂದು ಕೈಯಲ್ಲಿ ನೀರಿನ ಜಗ್ಗು ಹಿಡಿದು, ಒಳಗೆ ಹೋಗಬೇಕೋ ಹೊರಗೆ ಹೋಗಬೇಕೋ ಗೊತ್ತಾಗದೆ ಕಣ್ಣು ಕಣ್ಣು ಬಿಟ್ಟಳು. ಗಡಿಯಾರ ಹನ್ನೊಂದಕ್ಕೆ ಬಂದಿತ್ತು.

ಆಗ ಫೋನು ಬಂತು. ಪಿ.ಟಿ. ಮೇಷ್ಟರ ನಂಬರು, ಹೈಮಾಳ ಧ್ವನಿ. ಸ್ಪೀಕರಿನಿಂದ ಮನೆಗೆಲ್ಲ ಕೇಳಿಸಿತು.

"ಅಮ್ಮಾ, ಹೊರಟ್ಯಾ? ಇನ್ನೇನು ಶುರು ಆಗತ್ತೆ. ಕೆಲಸ ಇದ್ರೆ ಬರ್ಬೇಡ ಬಿಡು. ನಂಗೇನೂ ಬೇಜಾರಿಲ್ಲ."

ಇಂದುಕಲಾಳಿಗೆ ಒಂದು ಗಳಿಗೆ ಹಾಯೆನಿಸಿತು. ಸದ್ಯ, ಅವಳೇ ಬರಬೇಡ ಅಂದಳಲ್ಲ! ಮಗು ಅರ್ಥ ಮಾಡಿಕೊಂಡಿತು. ಇಷ್ಟು ಜನರಿಗೆ ಎಲೆ ಹಾಕಿ, ಬಸವಲಿಂಗಯ್ಯನವರ ಹತ್ತಿರ ಮಾತಾಡಿ...

"ಬರ್ಬೇಡ ಅಂದ್ರೆ ಬರದೇ ಇರ್ತೀವಾ?" ಎಂದಿತು ಯಂತ್ರ, ಅವಳದೇ ಧ್ವನಿಯಲ್ಲಿ. "ನಮ್ಮ ಹತ್ರಾನೂ ಸಂಕೋಚವಾ? ಬಂದೇ ಬರ್ತೀವಿ! ಎಲ್ಲಾರೂ ಬರ್ತೀವಿ!"

ಆ ಕಡೆಯಿಂದ ಸಣ್ಣ ಧ್ವನಿಯಲ್ಲಿ, "ನಿಜವಾಗ್ಲೂ?" ಎಂದಳು ಹೈಮಾ.

ಇಂದುಕಲಾಳಿಗೆ ದುಃಖ ಒತ್ತರಿಸಿ ಬಂತು. ಹೆತ್ತವಳಿಗೆ ತಿಳಿಯದ್ದು ಇಡ್ಲಿ ಪಾತ್ರೆಗೆ ತಿಳಿಯಿತಲ್ಲ! "ಹೊರಟೆ ಪುಟ್ಟಾ, ಇನ್ನೇನು ಬಂದೆ!" ಎಂದು ಯಂತ್ರದ ಮೇಲೆ ಬಾಗಿ ಕೂಗಿ, ಜಗ್ಗನ್ನು ಚಿಕ್ಕಮಾವನ ಕೈಗೆ ತುರುಕಿದಳು. ಅಷ್ಟರಲ್ಲಿ ಬೀದಿಯಲ್ಲಿದ್ದ ಅಷ್ಟೂ ಮೊಬೈಲು ಟಿಂಗ್ ಎಂದವು. 'ಊಟ ಶಾಲೆಯ ಮೈದಾನದಲ್ಲಿ. ಬರಲಿಲ್ಲ ಅಂದರೆ ನನ್ನಾಣೆ!'

ಮುಂದೆ ಇಂದುಕಲಾಳ ಸ್ಕೂಟರು, ಹಿಂದೆ ಬಸವಲಿಂಗಯ್ಯನವರ ಮಿಕ್ಸಿ ವ್ಯಾನಿನಲ್ಲಿ ಚಿತ್ರಾನ್ನದ ಕೊಳಗ, ಕೊಳಗಕ್ಕೆ ಒರಗಿ ಮಹದೇವಮ್ಮನವರು, ಅವರ ತೊಡೆಯ ಮೇಲೆ ಬಾಯಿ ಮುಚ್ಚದ ಯಂತ್ರ. ಮೈದಾನ ತುಂಬಿ ಹೋಯಿತು. ಎದುರು ತಂಡದವರು ಇದೇನು ರಾಜ್ಯಮಟ್ಟದ ಪಂದ್ಯವೋ ಎಂದು ಹೆದರಿಬಿಟ್ಟರು. ಹೈಮಾ ಗೇಟಿನ ಕಡೆ ನೋಡಿದಳು, ಅಮ್ಮನನ್ನು ಕಂಡಳು, ಆಮೇಲೆ ಬಾಣದ ಹಾಗೆ ಓಡಿದಳು. ಅಂಪೈರು ಒಬ್ಬ ಹುಡುಗಿಗೆ "ಔಟ್!" ಎಂದರೆ, "ಔಟ್ ಅಂದ್ರೆ ಹೆಂಗೆ? ಇನ್ನೊಂಚೂರು ಓಡ್ಲಿ, ಸಂಕೋಚ ಬೇಡ!" ಎಂದಿತು ವ್ಯಾನಿನೊಳಗಿನ ಧ್ವನಿ. ಅಂಪೈರು ಸಿಟ್ಟಾಗಿ ಹುಡುಕಿಕೊಂಡು ಬಂದರೆ ಮಹದೇವಮ್ಮನವರು ಅವರ ಕೈಗೆ ಚಿತ್ರಾನ್ನದ ಎಲೆ ಇಟ್ಟರು. "ಬೇಡಮ್ಮ," ಎಂದರು ಪಾಪ. ಎರಡು ಸೌಟು ಬಿತ್ತು.

"ಜಾಹೀರಾತು ನಿಲ್ಸೋಣ ಅಂತ ಹೇಳೋಕೇ ಬಂದಿದ್ದೆ ಮೇಡಂ," ಎಂದರು ಬಸವಲಿಂಗಯ್ಯ ತುತ್ತು ನುಂಗುತ್ತ. "ಅನ್ನ ತಿಂದ ಬಾಯಲ್ಲಿ ಅದನ್ನ ಹೆಂಗೆ ಹೇಳ್ಲಿ? ಮುಂದುವರಿಸಿ." ಇಂದುಕಲಾ ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. ಅವಳು ಗಂಟಲು ಹರಿಯುವಂತೆ "ಓಡೇ ಹೈಮಾ!" ಎಂದು ಕೂಗುತ್ತಿದ್ದಳು. ಅವಳ ಜೊತೆಗೆ ರವಿಕೆ, ಮಂಚ, ಮಿಕ್ಸಿ, ವಡೆ ಸಂಘ ಎಲ್ಲವೂ ಕೂಗುತ್ತಿತ್ತು.

ಅಲ್ಲೇ ಆಗಿದ್ದು ಎಡವಟ್ಟು! ಖೋಖೋ ಆಟದಲ್ಲಿ ಹಿಂದಿನಿಂದ "ಖೋ" ಎಂದದ್ದು ಕೇಳಿಸಿದರೆ ತಾನೇ ಕೂತವರು ಏಳುವುದು? ಆ ಗದ್ದಲದಲ್ಲಿ ಯಾರಿಗೆ ಏನು ಕೇಳಿಸೀತು! ಕೊನೆಯ ಸುತ್ತಿನಲ್ಲಿ ಹೈಮಾ ಗೆಳತಿಯ ಬೆನ್ನು ತಟ್ಟಿ ತಟ್ಟಿ ಖೋ ಖೋ ಎಂದು ಅರಚಿಕೊಂಡಳು. ಅವಳು ಬೆನ್ನು ತಟ್ಟಿ ಶಭಾಷ್ ಅನ್ನುತ್ತಿದ್ದಾಳೆಂದು ಆ ಹುಡುಗಿ ನಗುತ್ತ ಕೂತೇ ಇದ್ದಳು. ಒಂದೇ ಪಾಯಿಂಟಿನಲ್ಲಿ ಸೋತುಹೋದರು.

ಇಂದುಕಲಾ ಮಗಳ ಪಕ್ಕ ಹುಲ್ಲಿನ ಮೇಲೆ ಕೂತು, ಬೆವರಿದ ಹಣೆ ಒರೆಸಿ, ಅಳುಕುತ್ತಲೇ ಕೇಳಿದಳು. "ಬೇಜಾರಾಯ್ತಾ ಪುಟ್ಟಾ?"

"ಇಲ್ಲ. ನೀನು ಬಂದ್ಯಲ್ಲ," ಎಂದಳು ಹೈಮಾ, ಅಮ್ಮನ ಭುಜಕ್ಕೆ ಒರಗಿ ಚಿತ್ರಾನ್ನ ತಿನ್ನುತ್ತ. ಆಮೇಲೆ ಮೈದಾನದ ತುಂಬ ಕೈ ತೊಳೆಯುತ್ತಿದ್ದ ಜನರನ್ನು ಒಂದು ಸುತ್ತು ನೋಡಿ ಹೇಳಿದಳು:

"ಆದ್ರೆ ಅಮ್ಮ, ಮುಂದಿನ ಸಲ ನೀನೊಬ್ಳೇ ಬಾ."